ಮೊದಲ ಹದಿನೈದು ದಿನಗಳು

ಸಹ್ಯಾದ್ರಿಯ ಬುಡದಲ್ಲಿರುವ ಅಮಾಸೆಬೈಲಿನಲ್ಲಿ ಮಳೆಗಾಲದಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೇ ಒಂದು ಪ್ರಯಾಣ. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಸಂಜೆ ಪರಿಚಿತರೊಬ್ಬರನ್ನು ಕಾಣಲು ಅಲ್ಲಿಗೆ ಹೋಗಿದ್ದೆ. 2010ರ ದಶಕದಲ್ಲಿ ಪಂಚಾಯಿತಿಯ ಮನೆಮನೆಗೆ ಸೌರದೀಪ ಹಾಕಿಸಿ ಹೆಸರಾದ ಊರದು. ಅಂದು ಕರೆಂಟು ಹೋಗಿತ್ತು. ಆ ದೀಪದ ಬೆಳಕಿನಲ್ಲೇ ಕುಳಿತೆವು.

ಮನೆಯ ಯಜಮಾನರು ಐವತ್ತರ ಆಸುಪಾಸಿನವರು, ಅಡಿಕೆ ಕೃಷಿಕರು. ಹಿಂದಿನ ವರ್ಷ ಕೊಳೆರೋಗ ತಗಲಿ ಎಳೆಯ ಕಾಯಿಗಳೆಲ್ಲ ನೆಲ ಸೇರಿದ್ದವು. ಅವರ ಕಾಯಿಲೆಗೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ನಾಲ್ಕು ತಿಂಗಳಿನಿಂದ ಬೆಳಗಿನ ಮೂರಕ್ಕೇ ಎಚ್ಚರ, ಊಟ ಸೇರದು, ಮಾತು ಬೇಡ, ತೋಟದ ಕಡೆಗೆ ಕಾಲು ಹೋಗದು. ಕೊನೆಗೆ ಮಗಳು ಹಟ ಹಿಡಿದು ಮನೋವೈದ್ಯರ ಬಳಿಗೆ ಕರೆದೊಯ್ದಳು. ಖಿನ್ನತೆ ಎಂದ ವೈದ್ಯರು ಎಸ್ಸಿಟಲೋಪ್ರಾಮ್ ಎಂಬ ಮಾತ್ರೆಯನ್ನು ಬರೆದುಕೊಟ್ಟಿದ್ದರು. ನಾನು ಹೋದದ್ದು ಮಾತ್ರೆ ಆರಂಭಿಸಿದ ಐದನೆಯ ದಿನ.

"ಫಾದರ್, ಮೊದಲು ಮನಸ್ಸು ಮಾತ್ರ ಕೆಟ್ಟಿತ್ತು. ಈಗ ಹೊಟ್ಟೆಯೂ ಕೆಟ್ಟಿದೆ, ತಲೆಯೂ ಸಿಡಿಯುತ್ತದೆ, ಇದ್ದ ಎರಡು ಗಂಟೆಯ ನಿದ್ರೆಯೂ ಹೋಯಿತು. ಗುಣವಾಗಲೆಂದು ನುಂಗುವ ಮಾತ್ರೆ ಹೀಗೆ ಮಾಡಿದರೆ ಅದನ್ನು ನುಂಗುವುದು ಸರಿಯೇ?" ಎಂದರು.

ಅವರು 'ಒಳ್ಳೆಯದೇ' ಎಂದು ಕೇಳಲಿಲ್ಲ, 'ಸರಿಯೇ' ಎಂದು ಕೇಳಿದರು. ಒಳ್ಳೆಯದೇ ಎಂಬುದು ವೈದ್ಯರಿಗೆ ಕೇಳಬೇಕಾದ ಪ್ರಶ್ನೆ. ಸರಿಯೇ ಎಂಬುದು ನನಗೂ ಸಲ್ಲುವ ಪ್ರಶ್ನೆ. ಇದೇ ಪ್ರಶ್ನೆಗೆ ಬಹಳ ವರ್ಷಗಳ ಹಿಂದೆ ನಾನು ತಪ್ಪು ಉತ್ತರ ಕೊಟ್ಟಿದ್ದೆನಾದ್ದರಿಂದ ಆ ಸಂಜೆ ತಕ್ಷಣ ಬಾಯಿ ತೆರೆಯಲಿಲ್ಲ.

ಆಗ ನಾನು ಎಳೆಯ ಗುರು. ಶಾಲಾ ಶಿಕ್ಷಕಿಯೊಬ್ಬರು ಇಂಥದೇ ಮಾತ್ರೆ ಆರಂಭಿಸಿ ಒಂದು ವಾರದಲ್ಲಿ ವಾಕರಿಕೆ, ನಡುಕವೆಂದು ಅಳುತ್ತಾ ಬಂದರು. ಯಾವ ಊರು, ಯಾವ ವೈದ್ಯರು ಎಂಬುದು ಇಲ್ಲಿ ಬೇಡ. ಹೀಗೆಲ್ಲ ಆಗಬಹುದೆಂದು ಅವರಿಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ನಾನು ಕರುಣೆಯಿಂದಲೇ, "ಅಷ್ಟು ಕಷ್ಟವಾಗುವುದಾದರೆ ಬಿಟ್ಟುಬಿಡಿ, ಪ್ರಾರ್ಥಿಸೋಣ" ಎಂದೆ. ಅವರು ಬಿಟ್ಟರು. ನಾವು ಪ್ರಾರ್ಥಿಸಿದ್ದೂ ನಿಜ. ಮೂರು ತಿಂಗಳ ನಂತರ ಅವರನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಕಂಡೆ. ಅವರು ಬದುಕಿ ಉಳಿದರು, ಅದಕ್ಕೆ ದೇವರಿಗೆ ಸ್ತೋತ್ರ. ಆದರೆ ಗುರುವಿನ ಬಾಯಿಂದ ಬಂದ ಮಾತಿಗೆ ಔಷಧಿಗಿಂತ ಹೆಚ್ಚಿನ ತೂಕವಿರುತ್ತದೆಂಬ ಭಯ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆ ಮೇಲೆ ನಾನು ವೈದ್ಯ ಮಿತ್ರರಿಂದ ಕೇಳಿ ತಿಳಿದ ಸಂಗತಿ ಸರಳವಾದದ್ದು. ಈ ಬಗೆಯ ಮಾತ್ರೆಗಳು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇಕಡಾ 90ರಷ್ಟು ಇರುವುದು ಮೆದುಳಿನಲ್ಲಲ್ಲ, ಕರುಳಿನಲ್ಲಿ. ಆದುದರಿಂದಲೇ ಹೊಟ್ಟೆ ಮೊದಲು ದೂರು ಕೊಡುತ್ತದೆ: ವಾಕರಿಕೆ, ಭೇದಿ, ಹಸಿವಿಲ್ಲದಿರುವುದು. ಜೊತೆಗೆ ತಲೆನೋವು, ಬೆವರು, ಬಾಯಿ ಒಣಗುವುದು. ಕೆಲವರಿಗೆ ನಿದ್ರೆ ಹಾರುವುದು, ಕೆಲವರಿಗೆ ಕಣ್ಣೆಳೆಯುವುದು, ಇನ್ನು ಕೆಲವರಿಗೆ ಮೊದಲಿದ್ದ ಆತಂಕವೇ ಕೆಲ ದಿನ ಹೆಚ್ಚಾಗುವುದು. ಇವುಗಳಲ್ಲಿ ಹೆಚ್ಚಿನವು ಒಂದೆರಡು ವಾರಗಳಲ್ಲಿ ಇಳಿಯುತ್ತವೆ. ಮನಸ್ಸಿನ ಭಾರ ಇಳಿಯಲು ಮಾತ್ರ ಎರಡರಿಂದ ನಾಲ್ಕು ವಾರ ಬೇಕು. ಪೂರ್ಣ ಫಲ ತಿಳಿಯಲು ಆರೆಂಟು ವಾರಗಳೂ ಆಗಬಹುದು. ಕಷ್ಟ ಮುಂಗಡ, ಫಲ ತಡ.

ನೋವಿಗೆ ಹಾಕಿದ ಮದ್ದು ಸ್ವಲ್ಪ ಉರಿದರೆ ಸಹಿಸಬಹುದು, ಏಕೆಂದರೆ 'ಸಹಿಸೋಣ' ಎಂದು ತೀರ್ಮಾನಿಸುವ ಮನಸ್ಸು ನೆಟ್ಟಗಿರುತ್ತದೆ. ಖಿನ್ನತೆಯಲ್ಲಿ ಪೆಟ್ಟು ಬಿದ್ದಿರುವುದು ಆ ತೀರ್ಮಾನಿಸುವ ಜಾಗಕ್ಕೇ. ನಾಳೆ ಒಳ್ಳೆಯದಾದೀತು ಎಂದು ನಂಬುವ ಶಕ್ತಿಯನ್ನೇ ಕಳೆದುಕೊಂಡವನಿಗೆ ನಾವು, "ನಾಳೆಯನ್ನು ನಂಬಿ ಇಂದಿನ ವಾಂತಿಯನ್ನು ಸಹಿಸು" ಎನ್ನುತ್ತೇವೆ. ಕಾಲು ಮುರಿದವನಿಗೆ ನಡೆದು ಬಾ ಎಂದಂತೆ. ಹಾಗಾದರೆ ಇಂಥ ತಾಳ್ಮೆಯನ್ನು ಕೇಳುವ ಹಕ್ಕು ಯಾರಿಗಿದೆ?

ಗುರುಮಠದಲ್ಲಿ ನಾವು ಸಂತ ಥಾಮಸ್ ಅಕ್ವಿನಾಸರನ್ನು ಓದಿ, ಪರೀಕ್ಷೆ ಬರೆದು, ಬಹುಪಾಲು ಮರೆತೆವು. ಆದರೆ ಅವರ ಎರಡು ವಿಚಾರಗಳು ಇಲ್ಲಿ ನೆನಪಾಗುತ್ತವೆ. ಧೈರ್ಯದ ಮುಖ್ಯ ಕಾರ್ಯ ಮುನ್ನುಗ್ಗಿ ಹೊಡೆಯುವುದಲ್ಲ, ನಿಂತು ತಾಳಿಕೊಳ್ಳುವುದು ಎಂಬುದೊಂದು. ವಿವೇಕವೆಂಬ ಸದ್ಗುಣದ ಒಳಗೇ 'ಇನ್ನೊಬ್ಬರಿಂದ ಕಲಿಯಲು ಒಪ್ಪುವ ಗುಣ' ಎಂಬ ಒಂದು ಭಾಗವಿದೆ, ಏಕೆಂದರೆ ಬಾಳಿನ ವಿಷಯದಲ್ಲಿ ಯಾರೂ ತಮಗೆ ತಾವೇ ಸಾಲರು ಎಂಬುದು ಎರಡನೆಯದು. ನನ್ನ ತೀರ್ಪು ಮಂಕಾಗಿರುವಾಗ ನನ್ನನ್ನು ಬಲ್ಲವರ ತೀರ್ಪನ್ನು ಸಾಲ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲ. ಅಂದ ಹಾಗೆ, ದುಃಖಕ್ಕೆ ಪರಿಹಾರಗಳನ್ನು ಪಟ್ಟಿ ಮಾಡುವಾಗ ಅದೇ ಸಂತರು ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಧ್ಯಾನ ಇವುಗಳ ಜೊತೆಗೆ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದಾರೆ. ಹದಿಮೂರನೆಯ ಶತಮಾನದ ದೈವಶಾಸ್ತ್ರಜ್ಞರಿಗೆ ದುಃಖವನ್ನು ದೇಹದ ಮೂಲಕ ಮುಟ್ಟಲು ಸಂಕೋಚವಿರಲಿಲ್ಲ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆಯೆಂದು ಪೂಜೆ ಮುಗಿಸಿ ಬರುವಾಗ ಪಿಸುಗುಟ್ಟುವ ನಮ್ಮವರು ಇದನ್ನು ಗಮನಿಸಬೇಕು.

ಆದರೆ ಸಾಲ ಕೊಡುವವನಿಗೂ ಋಣವಿದೆ. ತಾಳ್ಮೆ ಕೇಳುವವನು ಮೊದಲು ಸತ್ಯ ಹೇಳಿರಬೇಕು. ಹೆದರಿಯಾನೆಂದು ಪಾರ್ಶ್ವಪರಿಣಾಮಗಳನ್ನು ಮುಚ್ಚಿಡುವುದು ಕರುಣೆಯಂತೆ ಕಾಣುತ್ತದೆ. ಮೂರನೆಯ ದಿನ ಹೊಟ್ಟೆ ತೊಳಸಿದಾಗ ಅದು ಮೋಸವಾಗಿ ತೋರುತ್ತದೆ. ನನ್ನ ಶಿಕ್ಷಕಿಗೆ ಆದದ್ದು ಅದೇ. ಎರಡನೆಯದಾಗಿ, ತಾಳಿಕೋ ಎಂದವನು ಕೇಳಿಸಿಕೊಳ್ಳಲೂ ಬೇಕು. ಎಲ್ಲವನ್ನೂ ಹಲ್ಲುಕಚ್ಚಿ ಸಹಿಸುವುದು ಪುಣ್ಯವಲ್ಲ. ಕುಳಿತಲ್ಲಿ ಕೂರಲಾಗದ ಚಡಪಡಿಕೆ, ಸಾಯಬೇಕೆಂಬ ಯೋಚನೆ ಹುಟ್ಟುವುದು ಅಥವಾ ಬಲಿಯುವುದು, ನಿದ್ರೆಯೇ ಬೇಡವೆಂಬಂಥ ವಿಪರೀತ ಉತ್ಸಾಹ, ಜ್ವರದೊಡನೆ ಮೈ ಸೆಟೆದು ನಡುಗುವುದು, ಮೈಮೇಲೆ ದದ್ದು, ವಯಸ್ಸಾದವರಲ್ಲಿ ದಿಢೀರ್ ಗೊಂದಲ: ಇವನ್ನು ಹದಿನೈದು ದಿನ ಕಾದು ನೋಡುವಂತಿಲ್ಲ, ಅಂದೇ ವೈದ್ಯರಿಗೆ ತಿಳಿಸಬೇಕು. ಹರೆಯದವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ, 2007ರಲ್ಲಿ 24 ವರ್ಷದವರೆಗಿನವರ ಬಗ್ಗೆ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂಬ ಎಚ್ಚರಿಕೆಯನ್ನು ಈ ಔಷಧಿಗಳ ಮೇಲೆ ಮುದ್ರಿಸುವಂತೆ ಮಾಡಿತು. ಔಷಧಿ ಬೇಡವೆಂದು ಇದರ ಅರ್ಥವಲ್ಲ. ಮನೆಯವರು ಕಣ್ಣಿಟ್ಟಿರಬೇಕೆಂದು ಅರ್ಥ. ವೈದ್ಯರು ದೂರವಿದ್ದರೆ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು. ಕುಂದಾಪುರಕ್ಕೆ ಮೂವತ್ತು ಕಿಲೋಮೀಟರಿಗೂ ಮೀರಿ ಹೋಗಬೇಕಾದ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ.

ಆ ಸಂಜೆ ನಾನು ಅವರಿಗೆ ಉಪದೇಶ ಮಾಡಲಿಲ್ಲ. ಮಗಳಿಂದ ವೈದ್ಯರಿಗೆ ಫೋನು ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ನಂತರ ತೆಗೆದುಕೊಳ್ಳಿ. ನಿದ್ರೆ ಬಾರದಿದ್ದರೆ ರಾತ್ರಿಯ ಬದಲು ಬೆಳಗಿನ ತಿಂಡಿಯ ಮೇಲೆ ನುಂಗಿ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಮಾತ್ರೆಯನ್ನು ನನ್ನನ್ನು ಕೇಳದೆ ಸೇರಿಸಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾದೀತು. ಏನೇ ಆದರೂ ನೀವಾಗಿ ನಿಲ್ಲಿಸಬೇಡಿ ಎಂದರು. "ಚಟ ಹಿಡಿಯುತ್ತದೆಯಂತಲ್ಲ?" ಎಂದು ಹೆಂಡತಿ ಕೇಳಿದ್ದಕ್ಕೆ, ಮದ್ಯದಂತೆ ಹಂಬಲ ಹುಟ್ಟಿಸುವುದಿಲ್ಲ, ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರುವುದುಂಟು, ಬಿಡುವಾಗ ಮೆಲ್ಲನೆ ಬಿಡಿಸುತ್ತೇವೆ ಎಂಬ ಉತ್ತರ ಬಂತು. ಫೋನಿಟ್ಟ ಮೇಲೆ ಮಗಳು, "ಇಷ್ಟನ್ನು ಮೊದಲೇ ಕೇಳಬಹುದಿತ್ತು" ಎಂದಳು.

ಹೊರಡುವ ಮುನ್ನ ಬೆತ್ಸಾಯಿದದ ಕುರುಡನ ಕತೆಯನ್ನು ನೆನಪಿಸಿದೆ. ಸಂತ ಮಾರ್ಕರು ಬರೆದಿರುವ ಆ ಪ್ರಸಂಗದಲ್ಲಿ ಯೇಸುಸ್ವಾಮಿ ಮೊದಲ ಬಾರಿ ಮುಟ್ಟಿದಾಗ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಾಣಲಿಲ್ಲ. ಮನುಷ್ಯರು ನಡೆದಾಡುವ ಮರಗಳಂತೆ ಕಂಡರು. ಕಂಡದ್ದನ್ನು ಅವನು ಮರೆಮಾಚದೆ ಹಾಗೆಯೇ ಹೇಳಿದ. ಸ್ವಾಮಿ ಅವನನ್ನು ಅಲ್ಪವಿಶ್ವಾಸಿಯೆಂದು ಗದರಲಿಲ್ಲ, ಮತ್ತೊಮ್ಮೆ ಕೈಯಿಟ್ಟರು. ನಮ್ಮವರು ಸುಮ್ಮನೆ ಕೇಳಿಸಿಕೊಂಡರು. ಸಮಾಧಾನವಾಯಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. "ನಾನು ಮರವನ್ನೇ ನೋಡಲಾರೆ ಫಾದರ್" ಎಂದಷ್ಟೇ ಅಂದರು. ತೋಟದ ಮಾತೋ, ಕತೆಯ ಮಾತೋ ನಾನು ಕೇಳಲಿಲ್ಲ.

ಮುಂದಿನ ಸಲ ಹೋದಾಗ ಅವರ ಹೆಂಡತಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತೋರಿಸಿದರು. ಪ್ರತಿ ದಿನದ ಚೌಕದಲ್ಲೂ ಪೆನ್ಸಿಲಿನಿಂದ ಒಂದೆರಡು ಪದ. ಆರನೆಯ ದಿನ: ವಾಂತಿ ಇಲ್ಲ. ಒಂಬತ್ತು: ತಲೆನೋವು, ಸಿಟ್ಟು. ಹನ್ನೊಂದು: ಮಾತ್ರೆ ಬೇಡವೆಂದರು, ಮಗಳು ಕೂತು ಮಾತಾಡಿದಳು, ತೆಗೆದುಕೊಂಡರು. ಹದಿನಾಲ್ಕು: ಐದರವರೆಗೆ ನಿದ್ರೆ. ಅದನ್ನು ಬರೆದಿಡಲು ಯಾರೂ ಹೇಳಿಕೊಟ್ಟಿರಲಿಲ್ಲ. ಗಂಡ ದಿನವೂ, "ಏನೂ ಬದಲಾಗಿಲ್ಲ" ಎನ್ನುತ್ತಿದ್ದರಂತೆ. ಆಗ ಆಕೆ ವಾದಿಸದೆ ಕ್ಯಾಲೆಂಡರನ್ನು ತಂದು ಮುಂದಿಡುತ್ತಿದ್ದರು.

ಇಪ್ಪತ್ತೆರಡನೆಯ ಚೌಕದಲ್ಲಿ, "ತೋಟಕ್ಕೆ ಹೋಗಿ ಬಂದರು. ಏನೂ ಹೇಳಲಿಲ್ಲ. ಗಂಜಿ ಎರಡು ಸಲ ಹಾಕಿಸಿಕೊಂಡರು" ಎಂದಿತ್ತು.