ನಡುಕಟ್ಟುವ ದಿನ, ನಡುಬಿಚ್ಚುವ ದಿನ

ಓದಬೇಕಾದ ವಾಕ್ಯಭಾಗಗಳು: 1 ಅರಸುಗಳು 20:1-22, 1 ಸಮುವೇಲ 30:21-25, 2 ತಿಮೊಥೆ 4:11

ರಾಯಚೂರಿನವರಿಗೆ, ದೇವದುರ್ಗದಿಂದ ಮುಂಜಾನೆ ಬಸ್ ಹಿಡಿದು ಬಂದವರಿಗೆ, ಮಾನ್ವಿಯಿಂದ ಬೈಕ್ ಮೇಲೆ ಬಂದವರಿಗೆ, ಬೆಂಗಳೂರಿನ ಪಿ.ಜಿ. ರೂಮಿನಲ್ಲಿ ಕೂತು ಫೋನಿನಲ್ಲಿ ಈ ಸಂದೇಶ ಕೇಳುವ ತಮ್ಮಂದಿರಿಗೆ, ತಂಗಿಯರಿಗೆ, ಎಲ್ಲರಿಗೂ ಸಮಾಧಾನ ಇರಲಿ. ಪಕ್ಕದಲ್ಲಿ ಕೂತವರಿಗೆ ಒಂದು ಮಾತು ಹೇಳ್ರಿ: "ಇವತ್ತು ದೇವರು ನಿನ್ನ ಸಂಗಡ ಮಾತಾಡ್ತಾರೆ." ಆಮೆನ್.

ಇವತ್ತು ನಾವು ಫುಟ್‌ಬಾಲ್ ಮೂಲಕ ವಾಕ್ಯ ಕಲಿಯೋಣ. ಕೆಲವರು ನಗ್ತಾ ಇದ್ದೀರಿ. ನಮ್ಮ ಕಡೆ ಗ್ರೌಂಡ್ ಅಂದ್ರೆ ಕ್ರಿಕೆಟ್, ಹೌದಲ್ರಿ? ಆದರೂ ವೀಕೆಂಡ್ ರಾತ್ರಿ ಯಾರ ಯಾರ ಸ್ಟೇಟಸ್‌ನಲ್ಲಿ ಯಾವ ಟೀಮಿನ ಜೆರ್ಸಿ ಇರ್ತದೆ ಅಂತ ನಾನೂ ನೋಡ್ತೀನಿ. ಅದಕ್ಕೇನೂ ಬೇಜಾರಿಲ್ಲ. ಅಪೊಸ್ತಲ ಪೌಲನೇ ಓಟಗಾರರನ್ನೂ ಮುಷ್ಟಿಯುದ್ಧದವರನ್ನೂ ತೋರಿಸಿ ಕೊರಿಂಥದವರಿಗೆ ಪಾಠ ಹೇಳಿದನು.

ಮೊದಲು ವಾಕ್ಯಕ್ಕೆ ಬರೋಣ. ಅರಾಮ್ಯರ ಅರಸನಾದ ಬೆನ್ಹದದನು 32 ಅರಸರನ್ನು ಕಟ್ಟಿಕೊಂಡು ಬಂದು ಸಮಾರ್ಯಕ್ಕೆ ಮುತ್ತಿಗೆ ಹಾಕಿದ್ದಾನೆ. ಯುದ್ಧ ಇನ್ನೂ ಶುರುವಾಗಿಲ್ಲ, ಆಗಲೇ ಅವನ ಬಾಯಿ ಗೆದ್ದುಬಿಟ್ಟಿದೆ. ನನ್ನ ಸೈನಿಕರಿಗೆ ಒಂದೊಂದು ಹಿಡಿ ಹಂಚಲಿಕ್ಕೂ ಸಮಾರ್ಯದ ಮಣ್ಣು ಸಾಲದು ಅಂತ ಹೇಳಿ ಕಳಿಸುತ್ತಾನೆ. ಅದಕ್ಕೆ ಅಹಾಬನು ಕೊಟ್ಟ ಉತ್ತರ ಬಹಳ ಚಿಕ್ಕದು. ಅದರ ಅರ್ಥ ಇಷ್ಟೇ: ಯುದ್ಧಕ್ಕೆ ನಡುಕಟ್ಟುವವನು, ಯುದ್ಧ ಮುಗಿಸಿ ನಡುಬಿಚ್ಚುವವನಂತೆ ಜಂಬ ಪಡಬಾರದು. ಅಹಾಬ ಕೆಟ್ಟ ಅರಸ. ಆದರೂ ಆ ದಿನ ಅವನ ಬಾಯಿಂದ ಬಂದದ್ದು ಬಂಗಾರದಂಥ ಮಾತು.

ಆ ಉತ್ತರ ಮುಟ್ಟುವಾಗ ಬೆನ್ಹದದ ಏನು ಮಾಡ್ತಿದ್ದ? ಡೇರೆಯಲ್ಲಿ ಅರಸರ ಜೊತೆ ಕುಡಿಯುತ್ತಾ ಕೂತಿದ್ದ. ದೇವರು ಅವನ ವಿರೋಧವಾಗಿ ಮುಂದೆ ಕಳಿಸಿದ್ದು ಯಾರನ್ನು? 232 ಮಂದಿ ಯೌವನಸ್ಥರನ್ನು! ಹಲ್ಲೆಲೂಯಾ! ದೊಡ್ಡ ಸೈನ್ಯದ ಮುಂದೆ ನಡೆದವರು ನಿಮ್ಮಂಥ ಹುಡುಗರು. ಅರಾಮ್ಯರು ಓಡಿಹೋದರು. ಇಸ್ರಾಯೇಲಿಗೆ ಜಯವಾಯಿತು.

ಇಲ್ಲಿಗೆ ಕಥೆ ನಿಂತಿದ್ದರೆ ಎಲ್ಲರೂ ಸ್ಟೇಟಸ್ ಹಾಕಿಕೊಳ್ಳಬಹುದಿತ್ತು. ಆದರೆ 22ನೇ ವಚನ ನೋಡ್ರಿ. ಗೆದ್ದ ಅರಸನ ಹತ್ತಿರ ಪ್ರವಾದಿ ಬಂದು, ಹೋಗಿ ಬಲಪಡಿಸಿಕೋ, ಮಾಡಬೇಕಾದ್ದನ್ನು ಯೋಚಿಸು, ವರುಷ ತಿರುಗುವಾಗ ಅರಾಮ್ಯರ ಅರಸನು ಮತ್ತೆ ನಿನ್ನ ಮೇಲೆ ಬರುತ್ತಾನೆ ಅಂತ ಎಚ್ಚರಿಸುತ್ತಾನೆ. ಗೆದ್ದ ದಿನವೇ ಎಚ್ಚರಿಕೆಯ ಮಾತು.

ಒಂದನೆಯದು: ಸೀಸನ್ನಿನ ಮೊದಲ ಗೆಲುವು ಕೊನೆಯ ಗೆಲುವಲ್ಲ.

2024ರ ಸೆಪ್ಟೆಂಬರ್. ಇಂಡಿಯನ್ ಸೂಪರ್ ಲೀಗ್ ಶುರುವಾಯಿತು. ನಮ್ಮ ಬೆಂಗಳೂರು ಎಫ್‌ಸಿ ಮೊದಲ ಮೂರು ಪಂದ್ಯಗಳನ್ನೂ ಕಂಠೀರವ ಸ್ಟೇಡಿಯಮ್‌ನಲ್ಲಿ ಆಡಿತು. ಈಸ್ಟ್ ಬೆಂಗಾಲ್ ಮೇಲೆ 1-0. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ 19 ವರ್ಷದ ಹುಡುಗ ವಿನಿತ್ ವೆಂಕಟೇಶ್. ಆಮೇಲೆ ಹೈದರಾಬಾದ್ ಮೇಲೆ 3-0. ಸೆಪ್ಟೆಂಬರ್ 28ರಂದು ಬಲಿಷ್ಠ ಮೋಹನ್ ಬಾಗಾನ್ ಮೇಲೆ ಮತ್ತೆ 3-0. ಮೂರು ಪಂದ್ಯ, ಏಳು ಗೋಲು, ಬಿಟ್ಟುಕೊಟ್ಟದ್ದು ಸೊನ್ನೆ. ಆ ರಾತ್ರಿ ಯಾರನ್ನು ಕೇಳಿದರೂ ಈ ಸಲ ಕಪ್ ನಮ್ಮದೇ ಅನ್ನುತ್ತಿದ್ದರು.

ಆರು ತಿಂಗಳು ದಾಟಿತು. 2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂ, ಫೈನಲ್. ಎದುರಿಗೆ ಯಾರು? ಅದೇ ಮೋಹನ್ ಬಾಗಾನ್! ಬೆಂಗಳೂರು ಮೊದಲು ಮುಂದಾಯಿತು, 1-0. ಅವರು ಪೆನಾಲ್ಟಿಯಿಂದ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಇನ್ನೊಂದು ಗೋಲು. 2-1. ಕಪ್ ಅವರ ಪಾಲಾಯಿತು. ಸೆಪ್ಟೆಂಬರ್‌ನಲ್ಲಿ ಸೋತವನು ವರುಷ ತಿರುಗುವಾಗ ಮತ್ತೆ ಬಂದ. ಬೆಂಗಳೂರಿನ ಆಟಗಾರರು ಜಂಬದಿಂದ ಸೋತರು ಅಂತ ನಾನು ಹೇಳ್ತಿಲ್ಲ. ಕೊನೆಯ ನಿಮಿಷದವರೆಗೂ ಹೋರಾಡಿ ಸೋತರು. ನಾನು ಹೇಳೋದು ಇಷ್ಟೇ, ಸೆಪ್ಟೆಂಬರ್‌ನ 3-0 ಏಪ್ರಿಲ್‌ನಲ್ಲಿ ಲೆಕ್ಕಕ್ಕೆ ಬರಲಿಲ್ಲ. ಫೈನಲ್ ಶುರುವಾದದ್ದು 0-0 ಇಂದಲೇ.

ಪ್ರಿಯರೇ, ನಮ್ಮ ಮಧ್ಯೆ ಎಷ್ಟೋ ಜನರ ಸಾಕ್ಷಿ ಸೆಪ್ಟೆಂಬರ್‌ನಲ್ಲೇ ನಿಂತುಬಿಟ್ಟದೆ. "ಬ್ರದರ್, ನಾನು ಯೂತ್ ಕ್ಯಾಂಪ್‌ನಲ್ಲಿ ಅಭಿಷೇಕ ಹೊಂದಿದೆ." ದೇವರಿಗೆ ಸ್ತೋತ್ರ. ಯಾವ ವರ್ಷ? "ಐದು ವರ್ಷ ಆಯ್ತು." ಈ ವಾರ ಬೈಬಲ್ ತೆರೆದೆಯಾ ತಮ್ಮಾ? ಸುಮ್ಮನಾಗ್ತಾನೆ. ದೀಕ್ಷಾಸ್ನಾನ ತೆಗೆದುಕೊಂಡ ದಿನ ನೀನು ನಡುಕಟ್ಟಿದ್ದು. ನಡುಬಿಚ್ಚುವ ದಿನ ಬೇರೆ ಇದೆ. ನಾನು ಓಟವನ್ನು ಕಡೆಗಾಣಿಸಿದ್ದೇನೆ, ನಂಬಿಕೆಯನ್ನು ಕಾಪಾಡಿಕೊಂಡಿದ್ದೇನೆ ಅಂತ ಪೌಲನು ಯಾವಾಗ ಬರೆದನು? ದಮಸ್ಕದ ದಾರಿಯಲ್ಲಿ ಬಿದ್ದು ಎದ್ದ ದಿನ ಅಲ್ಲ. ಬೇಡಿ ಹಾಕಿಸಿಕೊಂಡು ಸೆರೆಮನೆಯಲ್ಲಿ ಸಾವಿಗೆ ಕಾಯುತ್ತಿದ್ದಾಗ.

ಎರಡನೆಯದು: ಪಂದ್ಯ ನಿಂತಿರುವುದು ಕ್ಯಾಮೆರಾ ಹೋಗದ ಕೋಣೆಯ ಮೇಲೆ.

ಟಿವಿಯಲ್ಲಿ ನಾವು ನೋಡುವುದು ಬಹುಪಾಲು ಮೈದಾನವನ್ನೇ. ಡ್ರೆಸ್ಸಿಂಗ್ ರೂಮಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಸಾಲಾಗಿ ಸೀಟು, ಪ್ರತಿ ಸೀಟಿಗೆ ಒಬ್ಬೊಬ್ಬರ ನಂಬರಿನ ಜೆರ್ಸಿ. ಒಬ್ಬ ಕಣಕಾಲಿಗೆ ಟೇಪ್ ಸುತ್ತಿಸಿಕೊಳ್ತಿರ್ತಾನೆ, ಇನ್ನೊಬ್ಬ ಮೊಣಕಾಲಿಗೆ ಐಸ್ ಇಟ್ಟುಕೊಂಡಿರ್ತಾನೆ. ಹಾಫ್ ಟೈಮ್ ಅಂದ್ರೆ 15 ನಿಮಿಷ. ಆ 15 ನಿಮಿಷದಲ್ಲಿ ಕೋಚ್ ಸಿಹಿ ಮಾತಾಡುವುದಿಲ್ಲ. "ನಿನ್ನ ಕಡೆಯಿಂದಲೇ ಅವರು ನುಗ್ತಾ ಇದ್ದಾರೆ, ನೀನು ಹಿಂದಕ್ಕೆ ಓಡಿಬರ್ತಾ ಇಲ್ಲ" ಅಂತ ಮುಖಕ್ಕೆ ಹೇಳ್ತಾನೆ. ಸ್ಟೇಡಿಯಂ ತುಂಬ ಚಪ್ಪಾಳೆ ಹೊಡೆಯುವವರು ಇರಬಹುದು, ನಿಜ ಹೇಳುವವರು ಆ ಕೋಣೆಯಲ್ಲಿ ಮಾತ್ರ.

ನಿನಗೆ ಅಂಥ ಕೋಣೆ ಇದೆಯಾ? ಭಾನುವಾರದ ಆರಾಧನೆ ಮೈದಾನ. ಕೈ ಎತ್ತಿ ಹಾಡ್ತೀವಿ, ಎಲ್ಲರೂ ನೋಡ್ತಾರೆ. ಸೋಮವಾರ ರಾತ್ರಿ 11 ಗಂಟೆಗೆ ನಿನ್ನ ಕೈಯಲ್ಲಿರುವ ಫೋನ್, ಅದು ನಿನ್ನ ಡ್ರೆಸ್ಸಿಂಗ್ ರೂಮು. ಅಲ್ಲಿ ಏನು ನಡೀತಿದೆ?

ನಮ್ಮ ಮಾನ್ವಿಯ ರೈತರಿಗೆ ಇದು ಬೇಗ ಅರ್ಥ ಆಗ್ತದೆ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಲ್ರಿ? ತುಂಗಭದ್ರಾ ಡ್ಯಾಮ್ ತುಂಬಿತ್ತು. ಈ ವರ್ಷ ಎಡದಂಡೆ ಕಾಲುವೆಗೆ ನೀರು, ಗದ್ದೆಗೆ ಭತ್ತ ಅಂತ ಎಲ್ಲರ ಮುಖದಲ್ಲಿ ಸಂತೋಷ. ಆ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು, ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಮಿಗೆ 33 ಗೇಟು. ಹೋದದ್ದು ಒಂದು. ಆ ಒಂದರಿಂದಾಗಿ, ತುಂಬಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಕೊನೇ ಭಾಗದ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರು ಅಂತ ನಿಮಗೇ ಗೊತ್ತು. ಡ್ಯಾಮ್ ನೋಡಲು ಹೋದವರು ನೀರಿನ ಫೋಟೋ ತೆಗೆಯುತ್ತಾರೆ. ಚೈನಿನ ಫೋಟೋ ಯಾರು ತೆಗೆಯುತ್ತಾರೆ?

ನಾನು ನೇರವಾಗಿ ಹೇಳ್ತೀನಿ, ಯಾರೂ ತಲೆ ತಗ್ಗಿಸಬೇಡ್ರಿ. ಮ್ಯಾಚ್ ನೋಡುವುದು ಪಾಪ ಅಲ್ಲ. ಆದರೆ ಮ್ಯಾಚ್ ಮೇಲೆ ದುಡ್ಡು ಕಟ್ಟಿ, ಹೋದ ದುಡ್ಡು ತರಲು ಮತ್ತೆ ಕಟ್ಟಿ, ಸಾಲದ ಆ್ಯಪ್‌ನಲ್ಲಿ ಸಾಲ ಮಾಡಿ, ಅವ್ವನ ಕಿವಿಯೋಲೆ ಒತ್ತೆ ಇಟ್ಟ ಹುಡುಗರು ನಮ್ಮ ಊರುಗಳಲ್ಲಿದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾನೂನು ಮಾಡಿತು. ಒಳ್ಳೆಯದಾಯಿತು. ಆದರೆ ಕಾನೂನು ಆ್ಯಪ್ ಮುಚ್ಚಬಹುದು, ಆಸೆಯನ್ನು ಮುಚ್ಚಲಾರದು. ಸವೆದ ಚೈನು ಒಳಗೇ ಇರ್ತದೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ, ಸ್ವಸ್ಥವಾಗುವಂತೆ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಅಂತ ಯಾಕೋಬನು ಕಲಿಸುತ್ತಾನೆ. ಇದೇ ಸಭೆಯ ಡ್ರೆಸ್ಸಿಂಗ್ ರೂಮು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳುವವನು ಟೀಮಿನವನಲ್ಲ. ಅದೂ ನೆನಪಿರಲಿ.

ಮೂರನೆಯದು: ಬೆಂಚಿನ ಮೇಲೆ ಕೂತವನಿಗೂ ಅಷ್ಟೇ ಪಾಲು.

ದಾವೀದನು ಚಿಕ್ಲಗಿನಿಂದ ಶತ್ರುಗಳನ್ನು ಬೆನ್ನಟ್ಟಿ ಹೊರಟಾಗ ಅವನ ಸಂಗಡ 600 ಜನ. ಬೆಸೋರ್ ಹಳ್ಳದ ಹತ್ತಿರ 200 ಜನರಿಗೆ ದಣಿವಾಗಿ ಮುಂದೆ ಹೆಜ್ಜೆ ಇಡಲು ಆಗಲಿಲ್ಲ. ಅವರು ಸಾಮಾನು ಕಾಯುತ್ತಾ ಉಳಿದರು. 400 ಜನ ಹೋಗಿ ಗೆದ್ದು ಬಂದರು. ಬಂದವರಲ್ಲಿ ಕೆಲವು ದುಷ್ಟರು, ಇವರಿಗೆ ಪಾಲು ಕೊಡಬಾರದು ಅಂದರು. ದಾವೀದನು ಒಪ್ಪಲಿಲ್ಲ. ಇದು ಕರ್ತನು ಕೊಟ್ಟದ್ದು. ಯುದ್ಧಕ್ಕೆ ಹೋದವನಿಗೆ ಎಷ್ಟೋ ಸಾಮಾನು ಕಾದವನಿಗೂ ಅಷ್ಟೇ ಎಂದು ತೀರ್ಪು ಮಾಡಿದನು. ಅದು ಇಸ್ರಾಯೇಲಿನಲ್ಲಿ ಕಟ್ಟಳೆಯಾಯಿತು.

ಸುನಿಲ್ ಛೆಟ್ರಿ ಯಾರು ಅಂತ ಹೇಳಬೇಕಾಗಿಲ್ಲ. ದೇಶಕ್ಕಾಗಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ನಾಯಕ, 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಿನ ಮೊದಲ ಕ್ಯಾಪ್ಟನ್. 2022-23ರ ಸೀಸನ್ನಿನ ಕೊನೆಯ ಭಾಗದಲ್ಲಿ ಅಂಥವರು ಬೆಂಚಿನ ಮೇಲೆ ಕೂತರು. ಅವರ ಜಾಗದಲ್ಲಿ ಚಿಕ್ಕ ವಯಸ್ಸಿನ ಶಿವಶಕ್ತಿ ಆಡಿದರು. ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಛೆಟ್ರಿ ಬೆಂಚಿನಿಂದ ಎದ್ದುಹೋಗಿ ಪಂದ್ಯದ ಒಂದೇ ಗೋಲು ಹೊಡೆದರು. ಫೈನಲ್‌ನಲ್ಲಿ ಶಿವಶಕ್ತಿಗೆ ಶುರುವಿನಲ್ಲೇ ಪೆಟ್ಟಾಯಿತು, ಮತ್ತೆ ಕರೆ ಬಂದದ್ದು ಬೆಂಚಿನ ಮೇಲಿದ್ದ ಛೆಟ್ರಿಗೇ. ಮುನಿಸಿಕೊಂಡು ಬೂಟಿನ ಲೇಸು ಬಿಚ್ಚಿ ಕೂತಿದ್ದರೆ ಆಗ್ತಿತ್ತಾ?

ನಮ್ಮಲ್ಲಿ ಮೈಕ್ ಕೊಡದಿದ್ದರೆ ಸಭೆ ಬಿಟ್ಟುಹೋಗುವವರಿದ್ದಾರೆ. ವರ್ಶಿಪ್ ಟೀಮಿನಲ್ಲಿ ಹೆಸರಿಲ್ಲ ಅಂದ್ರೆ ಮುಖ ಊದಿಸಿಕೊಳ್ಳುವವರಿದ್ದಾರೆ. ಚಾಪೆ ಹಾಸುವ ತಂಗಿ, ಪಾತ್ರೆ ತೊಳೆಯುವ ಅಕ್ಕ, ಸ್ಪೀಕರ್ ಹೊತ್ತು ತರುವ ತಮ್ಮ, ಇವರೆಲ್ಲ ಬೆಸೋರ್ ಹಳ್ಳದ ಜನ. ದೇವರ ಲೆಕ್ಕದಲ್ಲಿ ಅವರ ಪಾಲು ಕಡಿಮೆ ಇಲ್ಲ. ಇನ್ನೊಂದು ಮಾತು. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಜೆರ್ಸಿ. ಮಿಜೋರಾಮಿನವನು, ಪಂಜಾಬಿನವನು, ಬೆಂಗಳೂರಿನವನು ಒಂದೇ ಬೆಂಚಿನಲ್ಲಿ ಕೂತು ಬೂಟು ಕಟ್ಟಿಕೊಳ್ತಾರೆ. ಕ್ರಿಸ್ತನನ್ನು ಧರಿಸಿಕೊಂಡ ಮೇಲೂ ನಾವು ನೀನು ಯಾವ ಓಣಿ, ಯಾವ ಕುಲ ಅಂತ ಕೇಳಿ ಮದುವೆಗೂ ಊಟಕ್ಕೂ ಪಂಕ್ತಿ ಬೇರೆ ಮಾಡಿದರೆ, ನಾವು ಯಾರ ಜೆರ್ಸಿ ಹಾಕಿಕೊಂಡಿದ್ದೇವೆ?

ನಾಲ್ಕನೆಯದು: ಶುರುವಿನಲ್ಲಿ ಸೋತವನಿಗೂ, ಸೀಸನ್ನೇ ಶುರುವಾಗದವನಿಗೂ ವಾಕ್ಯ ಇದೆ.

ಅದೇ 2022-23ರ ಸೀಸನ್ನಿನಲ್ಲಿ ಬೆಂಗಳೂರು ಅರ್ಧ ದಾರಿಯವರೆಗೆ ಪಟ್ಟಿಯಲ್ಲಿ ಕೆಳಗಡೆ ಇತ್ತು. ಮುಗೀತು ಅಂದರು ಜನ. ಆಮೇಲೆ ಲೀಗ್‌ನಲ್ಲಿ ಸತತ ಎಂಟು ಗೆಲುವು! ಫೈನಲ್‌ವರೆಗೆ ಹೋದರು. ಪೌಲನ ಮೊದಲ ಪ್ರಯಾಣದಲ್ಲಿ ಪೆರ್ಗಕ್ಕೆ ಬರುತ್ತಲೇ ಬಿಟ್ಟುಹೋದ ಹುಡುಗ ಒಬ್ಬನಿದ್ದ, ಮಾರ್ಕ. ಸೀಸನ್ನಿನ ಶುರುವಿನಲ್ಲೇ ಟೀಮ್ ಬಿಟ್ಟವನು. ಅವನಿಗಾಗಿ ಪೌಲನಿಗೂ ಬಾರ್ನಬನಿಗೂ ಜಗಳವಾಯಿತು. ಆದರೆ ಸೆರೆಮನೆಯಿಂದ ಕೊನೆಯ ಪತ್ರದಲ್ಲಿ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು ಅಂತ ಬರೆಸುತ್ತಾನೆ. ಹಲ್ಲೆಲೂಯಾ! ಬಿಟ್ಟುಹೋದವನಿಗೂ ಆ ಕೋಣೆಯಲ್ಲಿ ಸೀಟು ಇತ್ತು.

ಇನ್ನು ಕೆಲವರ ಸೀಸನ್ನೇ ಶುರುವಾಗಿಲ್ಲ. 2025ರಲ್ಲಿ ಆಟಗಾರರಿಗೇ ಹಾಗಾಯಿತು. ಲೀಗ್ ನಡೆಸುವ ಒಪ್ಪಂದದ ತೊಡಕಿನಿಂದ ಜುಲೈಯಲ್ಲಿ ಸೀಸನ್ ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೂ ನಿಲ್ಲಿಸಿತು. ಕಾಲಲ್ಲಿ ಶಕ್ತಿ ಇದೆ, ಆಡಲು ಪಂದ್ಯವಿಲ್ಲ. ಡಿಗ್ರಿ ಮುಗಿಸಿ ನೇಮಕಾತಿ ಆದೇಶಕ್ಕೆ ಕಾಯುವ ನನ್ನ ತಮ್ಮಾ, ನಿನಗೆ ಈ ನೋವು ಗೊತ್ತು. ಎಲ್ಲರೂ "ಏನ್ ಮಾಡ್ಕೊಂಡಿದ್ದೀಯಪ್ಪಾ?" ಅಂತ ಕೇಳ್ತಾರೆ. ಪಂದ್ಯ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ಎದ್ದು ಓಡುವವನೇ ಕರೆ ಬಂದ ದಿನ ಆಡುವವನು. ದಾವೀದನು ಅಭಿಷೇಕ ಹೊಂದಿದ ಮೇಲೂ ಮತ್ತೆ ಕುರಿ ಕಾಯಲು ಹೋದನು. ಕಾಯುವ ಕಾಲ ವ್ಯರ್ಥ ಕಾಲ ಅಲ್ಲ.

ಮುಗಿಸುವ ಮುಂಚೆ ಅಹಾಬನ ಕೊನೆಯನ್ನು ನೋಡಿಬಿಡೋಣ. ವರುಷ ತಿರುಗಿತು, ಬೆನ್ಹದದ ಮತ್ತೆ ಬಂದ, ಅಫೇಕದಲ್ಲಿ ದೇವರು ಮತ್ತೆ ಜಯ ಕೊಟ್ಟರು. ಆಗ ಅಹಾಬ ಏನು ಮಾಡಿದ? ಕೈಗೆ ಸಿಕ್ಕ ಶತ್ರುವನ್ನು ತಮ್ಮಾ ಅಂತ ಕರೆದು, ರಥದಲ್ಲಿ ಕೂರಿಸಿಕೊಂಡು, ಒಪ್ಪಂದ ಮಾಡಿ ಬಿಟ್ಟುಬಿಟ್ಟ. ಮುಂದೆ ರಾಮೋತ್ ಗಿಲ್ಯಾದಿನಲ್ಲಿ ಅದೇ ಅರಾಮ್ಯರ ಯುದ್ಧದಲ್ಲಿ ಒಂದು ಬಾಣ ಅವನ ಕವಚದ ಸಂದಿಗೆ ನಾಟಿತು. ಸಂಜೆ ಅವನು ರಥದಲ್ಲೇ ಸತ್ತನು. ನಡುಕಟ್ಟುವವನು ಜಂಬ ಪಡಬಾರದು ಅಂದ ಅರಸನು, ತನ್ನ ನಡುಕಟ್ಟನ್ನು ತಾನೇ ಬಿಚ್ಚಲಿಲ್ಲ. ಮಾತು ಸರಿ ಇತ್ತು, ಸಂದಿ ತೆರೆದಿತ್ತು.

ನೀನು ತಮ್ಮಾ ಅಂತ ಕರೆದು ರಥದಲ್ಲಿ ಕೂರಿಸಿಕೊಂಡ ಶತ್ರು ಯಾವುದು? ಆ ಆ್ಯಪ್ಪಾ? ಕದ್ದುಮುಚ್ಚಿ ಇಟ್ಟ ಸಂಬಂಧವಾ? ಕುಡಿತವಾ? ಈ ವಾರ ಮೂರು ಕೆಲಸ ಮಾಡ್ರಿ. ನಂಬಿಕೆಗೆ ಯೋಗ್ಯನಾದ ಒಬ್ಬ ವಿಶ್ವಾಸಿಯ ಹತ್ತಿರ ಕೂತು, ನಿಜವನ್ನು ಹೇಳಿರಿ. ಸಾಲ ಇದ್ದರೆ ಮನೆಯವರಿಗೆ ಪೂರ್ತಿ ಲೆಕ್ಕ ತಿಳಿಸಿರಿ. ಒಬ್ಬರೇ ಹೇಳಲು ಭಯವಾದರೆ ನಾವು ಜೊತೆಗೆ ಬರ್ತೀವಿ. ಸಭೆ ಬಿಟ್ಟು ಹೋದ ಒಬ್ಬರಿಗೆ ಫೋನ್ ಮಾಡಿ, "ನಿನ್ನ ಸೀಟು ಹಾಗೇ ಇದೆ" ಅಂತ ಹೇಳಿರಿ.

ಎಲ್ಲರೂ ಕಣ್ಣು ಮುಚ್ಚೋಣ. ತಂದೆಯೇ, ಸ್ತೋತ್ರ. ನಡುಕಟ್ಟಿದ ಈ ಯೌವನಸ್ಥರನ್ನು ನಿನ್ನ ಕೈಗೆ ಕೊಡುತ್ತೇವೆ. ಮೊದಲ ಗೆಲುವಿನಲ್ಲಿ ಉಬ್ಬದಂತೆ, ಮೊದಲ ಸೋಲಿನಲ್ಲಿ ಕುಗ್ಗದಂತೆ ಇವರನ್ನು ಕಾಯಿ. ಯಾರೂ ನೋಡದ ಕೋಣೆಯಲ್ಲಿ ಪವಿತ್ರಾತ್ಮನೇ, ನೀನು ಇವರ ಸಂಗಡ ಇರು. ಸವೆದ ಕೊಂಡಿಯನ್ನು ತುಂಡಾಗುವ ಮುಂಚೆ ತೋರಿಸು. ಕೆಲಸಕ್ಕಾಗಿ ಕಾಯುವವರ ಬಾಗಿಲನ್ನು ನಿನ್ನ ಸಮಯದಲ್ಲಿ ತೆರೆ. ನಮ್ಮೆಲ್ಲರನ್ನೂ ಕೊನೆಯ ದಿನದವರೆಗೆ ನಿಲ್ಲಿಸು. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್, ಆಮೆನ್.