ಅಂಬಿಗನ ಹಂಗು

ಹಳಿಯಾಳದ ಸೀಮೆಯಲ್ಲಿ ಬೆಳೆದವರಿಗೆ ವಸ್ತಾದನೆಂದರೆ ಯಾರೆಂಬದನ್ನು ವಿವರಿಸಬೇಕಾಗಿಲ್ಲ. ತಾಲೀಮಿನ ಹುಡುಗನು ಕಣದಲ್ಲಿ ಚಿತ್ತಾಗಿ ಬಿದ್ದ ದಿನ ಅವನಿಗಿಂತ ಮೊದಲು ತಲೆ ತಗ್ಗಿಸುವವನು ವಸ್ತಾದನೇ. ಆದರೆ ಆ ಹುಡುಗನು ಸಾಲಾಗಿ ಮೂರು ಕಣಗಳಲ್ಲಿ ಬಿದ್ದನೆಂಬ ಕಾರಣದಿಂದ ಊರವರು ವಸ್ತಾದನನ್ನು ತಾಲೀಮಿನಿಂದ ಹೊರಡಿಸಿದರೆಂಬದನ್ನು ನಾವು ಈ ವರೆಗೆ ಕೇಳಿಲ್ಲ. ಸಂಬಳ ಕೊಟ್ಟು ಶಿಕ್ಷಕರನ್ನು ನೇಮಿಸಿಕೊಳ್ಳುವ ಚೆಂಡಾಟದ ಕ್ಲಬ್ಬುಗಳಲ್ಲಿಯಾದರೋ ಪದ್ಧತಿಯು ಬೇರೆ. ಅಲ್ಲಿ ಮೂರು ಸೋಲುಗಳು ಸಾಕು. ಇದು ನ್ಯಾಯವೋ, ಗೆಲ್ಲಿಸಿದವನಿಗೆ ಗೆದ್ದವರು ಯಾವ ಸಾಲವನ್ನು ಹೊತ್ತಿರುತ್ತಾರೆ ಎಂಬ ಪ್ರಶ್ನೆಯನ್ನು ಈ ಸಾರಿ ವಾಚಕರ ಮುಂದೆ ಇಡುತ್ತೇವೆ. ದಾಂಡೇಲಿಯಲ್ಲಿಯೂ ಮುಂಡಗೋಡದ ಟಿಬೇಟಿಯನ್ನರ ವಸತಿಯಲ್ಲಿಯೂ ಸಂಜೆಯ ಹೊತ್ತು ಚೆಂಡನ್ನು ಒದೆಯುವ ಹುಡುಗರಿಗೆ ಮಾತ್ರವಲ್ಲ, ಆಳನ್ನಿಟ್ಟುಕೊಂಡ ಪ್ರತಿಯೊಬ್ಬ ಒಕ್ಕಲಿಗನಿಗೂ ಇದು ಸಂಬಂಧಪಟ್ಟ ಮಾತಾಗಿದೆ.

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಫುಟ್ಬಾಲ್ ಕ್ಲಬ್ಬಿಗೆ 2016ರಲ್ಲಿ ಆಲ್ಬರ್ಟ್ ರೋಕಾ ಎಂಬವರ ಸಹಾಯಕರಾಗಿ ಬಾರ್ಸಿಲೋನಾ ನಗರದ ಕಾರ್ಲೆಸ್ ಕ್ವಾದ್ರಾತ್ ಎಂಬವರು ಬಂದರು. ಅದೇ ವರುಷ ಈ ಕ್ಲಬ್ಬು ಏಶ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಕಡೇ ಪಂದ್ಯದ ವರೆಗೂ ಹೋಯಿತು; ಅಷ್ಟು ದೂರ ಹೋದ ಭಾರತದ ಕ್ಲಬ್ಬುಗಳಲ್ಲಿ ಇದೇ ಮೊದಲನೆಯದು. ರೋಕಾ ಅವರು 2018ರಲ್ಲಿ ಬಿಟ್ಟುಹೋದ ಮೇಲೆ ಕ್ವಾದ್ರಾತ್ ಅವರೇ ಮುಖ್ಯ ಶಿಕ್ಷಕರಾದರು. ಮೊದಲನೆಯ ವರುಷದಲ್ಲಿಯೇ ತಂಡವು ಇಂಡಿಯನ್ ಸೂಪರ್ ಲೀಗಿನ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಬಂತು. 2019ನೇ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡದೊಡನೆ ಕಡೇ ಪಂದ್ಯವಾಯಿತು. ತೊಂಬತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯದೆ ಹೆಚ್ಚಿನ ವೇಳೆಗೆ ಆಟವು ಸಾಗಿ, 117ನೇ ನಿಮಿಷದಲ್ಲಿ ರಾಹುಲ್ ಭೇಕೆಯು ತಲೆಯಿಂದ ಚೆಂಡನ್ನು ಒಳಗೆ ಹಾಕಿದನು. ಪಟ್ಟಿಯಲ್ಲಿಯೂ ಮೊದಲಾಗಿ ಕಪ್ಪನ್ನೂ ಎತ್ತಿದ ತಂಡವು ಆ ಲೀಗಿನಲ್ಲಿ ಅದಕ್ಕೆ ಮುಂಚೆ ಇದ್ದಿಲ್ಲ.

ಇದಾಗಿ ಎರಡು ವರುಷಗಳು ತುಂಬಿರಲಿಲ್ಲ. 2020-21ರ ಆಟಗಳು ಕೊರೋನಾ ವ್ಯಾಧಿಯ ನಿಮಿತ್ತ ಗೋವೆಯಲ್ಲಿಯೇ, ಪ್ರೇಕ್ಷಕರಿಲ್ಲದ ಅಂಗಳಗಳಲ್ಲಿ ನಡೆದವು. ಒಂಬತ್ತು ಪಂದ್ಯಗಳಲ್ಲಿ ಬೆಂಗಳೂರಿನವರಿಗೆ 3 ಗೆಲುವು, 3 ಸಮ, 3 ಸೋಲು. ಸೋಲುಗಳು ಮೂರೂ ಸಾಲಾಗಿ ಬಂದವು. ಜನವರಿ 5ರಂದು ಮುಂಬಯಿಯವರು 3-1ರಿಂದ ಗೆದ್ದರು; ಮರುದಿನವೇ ಕ್ಲಬ್ಬು ಕ್ವಾದ್ರಾತ್ ಅವರಿಂದ ಬೇರ್ಪಟ್ಟೆವೆಂದು ಪ್ರಕಟಿಸಿತು. ಬೇರ್ಪಡುವದು ಎಂಬದು ಬಲು ಮೆತ್ತಗಿನ ಮಾತು. ಕಂಠೀರವ ಅಂಗಳದಲ್ಲಿ ಅವರ ಹೆಸರನ್ನು ಕೂಗುತ್ತಿದ್ದ ಜನರಿಗೆ ಎದ್ದು ನಿಂತು ಕೈ ಬೀಸುವದಕ್ಕೂ ಎಡೆಯಾಗಲಿಲ್ಲ. ವ್ಯಾಧಿಯು ಕ್ಲಬ್ಬಿನವರ ತಪ್ಪಲ್ಲವೆಂಬದು ನಿಜ. ಆದರೂ ನಾಲ್ಕು ವರುಷಗಳ ಸೇವೆಯು ಒಂದು ರಾತ್ರಿಯ ಅಂತರದಲ್ಲಿ ಮುಗಿದದ್ದು ವ್ಯಾಧಿಯಿಂದ ಅಲ್ಲ.

ಕ್ಲಬ್ಬಿನ ಪಕ್ಷವನ್ನೂ ಕೇಳತಕ್ಕದ್ದು. ಹಣ ಹಾಕುವವರು ಅವರು. ಕೆಲಸ ಕೆಟ್ಟರೆ ಕೆಲಸಗಾರನನ್ನು ಬದಲಾಯಿಸುವ ಅಧಿಕಾರವೂ ಅವರದು. ಒಮ್ಮೆ ಗೆಲ್ಲಿಸಿದವನು ಸಾಯುವ ತನಕ ಕುರ್ಚಿಯಲ್ಲಿ ಇರಬೇಕೆಂಬದಾಗಿದ್ದರೆ ಕ್ಲಬ್ಬಿಗೂ ಕೇಡು, ಅವನಿಗೂ ಕೇಡು. ಇದನ್ನೆಲ್ಲಾ ನಾವು ಒಪ್ಪುತ್ತೇವೆ. ತೆಗೆದುಹಾಕಿದ್ದರ ಫಲವನ್ನು ನೋಡಿ ನ್ಯಾಯ ಹೇಳೋಣವೆಂದು ಕೆಲವರು ಅನ್ನುವರು. ಬೆಂಗಳೂರು ಆ ವರುಷ ಹನ್ನೊಂದು ತಂಡಗಳಲ್ಲಿ ಏಳನೆಯದಾಗಿ ನಿಂತಿತು. ಆದದರಿಂದ ದೋಷವು ಶಿಕ್ಷಕನೊಬ್ಬನದೇ ಆಗಿರಲಿಲ್ಲ ಎನ್ನಬಹುದು. ಆದರೆ ಇಂಗ್ಲೆಂಡಿನ ಲೆಸ್ಟರ್ ನಗರದ ಕ್ಲಬ್ಬಿನ ಸಂಗತಿಯನ್ನು ನೋಡಿರಿ. ಯಾರೂ ನಂಬದಿದ್ದ ಆ ತಂಡಕ್ಕೆ ಕ್ಲಾಡಿಯೋ ರನಿಯೇರಿ ಎಂಬ ಇಟಲಿಯವರು 2016ರಲ್ಲಿ ದೇಶದ ಮೊದಲನೆಯ ಸ್ಥಾನವನ್ನು ಗಳಿಸಿಕೊಟ್ಟರು. ಹತ್ತು ತಿಂಗಳಾಗುವಷ್ಟರಲ್ಲಿ, 2017ನೇ ಫೆಬ್ರುವರಿ 23ರಂದು, ಅವರನ್ನು ತೆಗೆದರು. ಆ ಮೇಲೆ ತಂಡವು ಸಾಲಾಗಿ ಐದು ಲೀಗ್ ಪಂದ್ಯಗಳನ್ನು ಗೆದ್ದಿತು! ಹಾಗಾದರೆ ಲೆಸ್ಟರಿನವರು ಮಾಡಿದ್ದು ನ್ಯಾಯ, ಬೆಂಗಳೂರಿನವರು ಮಾಡಿದ್ದು ಅನ್ಯಾಯವೋ? ಫಲವು ಜಾಣತನದ ಅಳತೆಯಾದೀತು, ಋಣದ ಅಳತೆಯಾಗಲಾರದು.

ನಮಗೆ ತೋಚುವದು ಬೇರೆಯೇ. ಸಂಬಳದಿಂದ ಸಾಲವು ತೀರುವದು, ಹಂಗು ತೀರುವದಿಲ್ಲ. ಹಂಗಿನಲ್ಲಿರುವದು ಮನುಷ್ಯನಿಗೆ ಹಿಡಿಸದ ಸಂಗತಿ. ಉಪಕಾರ ಮಾಡಿದವನು ಎದುರಿಗೆ ಬಂದರೆ ನಾವು ಸಣ್ಣವರಾದಂತೆ ನಮಗೆ ಅನಿಸುವದು. ಆದದರಿಂದ ಅವನಲ್ಲಿ ಒಂದು ಕುಂದು ಸಿಕ್ಕಿದರೆ ಒಳಗೊಳಗೆ ಹಗುರಾಗುತ್ತೇವೆ. ಇದಲ್ಲದೆ ಇನ್ನೊಂದುಂಟು. ಯಾವಾಗಲೂ ಏಳನೆಯದಾಗಿ ನಿಲ್ಲುವ ತಂಡಕ್ಕೆ ಮೂರು ಸೋಲುಗಳು ಸುದ್ದಿಯೇ ಅಲ್ಲ. ಮೂರು ಸೋಲುಗಳನ್ನು ಅಪಮಾನವಾಗಿ ಮಾಡಿದ್ದು ಆ ಶಿಕ್ಷಕನು ಕಲಿಸಿದ ಗೆಲುವೇ. ಅವನು ನಮಗೆ ಕೊಟ್ಟ ಕೋಲಿನಿಂದಲೇ ನಾವು ಅವನನ್ನು ಅಳೆದು, ಸಾಲದೆಂದು ಹೇಳಿ, ಅದೇ ಕೋಲಿನಿಂದ ಹೊಡೆಯುತ್ತೇವೆ. ಕಾಳಿಯ ದಂಡೆಯವರು ಬಲ್ಲ ಗಾದೆಯೊಂದುಂಟು: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಇದನ್ನು ಬುದ್ಧಿವಾದವೆಂದು ಹೇಳುವವರನ್ನೂ ಕಂಡಿದ್ದೇವೆ. ಗಾದೆ ಮಾಡಿದವನು ಅದನ್ನು ನಗೆಯಿಂದ ಹೇಳಿದನೆಂದೇ ನಮ್ಮ ನಂಬಿಕೆ.

ಹಾಗಾದರೆ ಕೊಡತಕ್ಕದ್ದೇನು? ಕುರ್ಚಿಯನ್ನಲ್ಲ. ಒಕ್ಕಲಿಗನು ವರುಷದ ಆಳನ್ನು ಬಿಡಿಸುವಾಗ ಕರೆದು ಕೂಡ್ರಿಸಿ, ಊಟಕ್ಕಿಕ್ಕಿ, ಇಂಥ ಕಾರಣದಿಂದ ನಿನ್ನನ್ನು ಇಟ್ಟುಕೊಳ್ಳಲಾರೆನು, ಕಳೆದ ಸುಗ್ಗಿಯನ್ನು ನೀನೇ ತಂದಿಯೆಂಬದನ್ನು ಮರೆತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವನಾದರೆ ಆಳು ಹೋಗುವನು, ಆದರೆ ಅವನ ಮಾನವು ಹೋಗುವದಿಲ್ಲ. ಅಂಥ ಮಾತಿಗೆ ದುಡ್ಡು ಹತ್ತುವದಿಲ್ಲ, ವೇಳೆ ಹತ್ತುವದು. ದೊಡ್ಡ ಕ್ಲಬ್ಬುಗಳಲ್ಲಿ ಕಡಿಮೆ ಇರುವದು ಅದೇ.

ಕ್ವಾದ್ರಾತ್ ಅವರ ಕಥೆಯು ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಬಂದು, 2024ನೇ ಜನವರಿ 28ರಂದು ಸೂಪರ್ ಕಪ್ಪನ್ನು ಗೆಲ್ಲಿಸಿದರು. ಹನ್ನೆರಡು ವರುಷಗಳಿಂದ ದೇಶದ ದೊಡ್ಡ ಬಹುಮಾನವನ್ನು ಕಾಣದಿದ್ದ ಜನರು ಅಂದು ಕುಣಿದಾಡಿದರು. ಸಪ್ಟೆಂಬರದಲ್ಲಿ ಹೊಸ ಲೀಗು ಆರಂಭವಾಗಿ ತಂಡವು ಮೊದಲನೆಯ ಮೂರು ಪಂದ್ಯಗಳನ್ನು ಸೋತಿತು. ಅವುಗಳಲ್ಲಿ ಮೊದಲನೆಯ ಸೋಲು ಬೆಂಗಳೂರಿನವರಿಂದಲೇ ಬಂತು. ತಿಂಗಳು ಮುಗಿಯುವ ದಿನ ಅವರು ಆ ಸ್ಥಾನವನ್ನೂ ಬಿಟ್ಟರು. ಮತ್ತೆ ಮೂರು!

ಕ್ಲಬ್ಬುಗಳನ್ನು ಮಾತ್ರ ದೂರಿ ಲೇಖನಿಯನ್ನು ಕೆಳಗಿಡುವದು ನಮಗೆ ಸುಲಭವಾಗುತ್ತಿತ್ತು. ಆದರೆ 2021ರ ಆ ಜನವರಿಯಲ್ಲಿ ಹಳಿಯಾಳದ ಚಹದ ಅಂಗಡಿಯ ಮುಂದೆ ನಾವೂ ನಾಲ್ಕಾರು ಮಂದಿ ಕೂತು, ಒಬ್ಬರ ಕೈಯಲ್ಲಿದ್ದ ಫೋನಿನಲ್ಲಿ ಮುಂಬಯಿಯವರ ಮೂರನೆಯ ಗೋಲನ್ನು ನೋಡಿ, ಇವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಹೇಳಿದೆವು. ಮರುದಿನ ಸುದ್ದಿಯು ಬಂದಾಗ ಸರಿಯಾಯಿತೆಂದೆವು. 117ನೇ ನಿಮಿಷವು ಆ ಬೆಂಚಿನ ಮೇಲೆ ಯಾರ ಬಾಯಿಂದಲೂ ಬರಲಿಲ್ಲ.