ಊರ ಶಾಲೆಯೂ ಮನೆಯ ದೀಪವೂ

ಜ್ಯೇಷ್ಠಮಾಸದ ಮೊದಲ ಮಳೆ ಬೀಳುವ ಹೊತ್ತಿಗೆ ನಮ್ಮ ನಾಡಿನ ಓದುಬಲ್ಲ ಮನೆಗಳಲ್ಲಿ ಪ್ರತಿವರ್ಷವೂ ಒಂದು ವಿಚಾರವು ಏಳುವುದು: ಮಗುವನ್ನು ಯಾವ ಶಾಲೆಗೆ ಸೇರಿಸಬೇಕು? ಮೇಲುನೋಟಕ್ಕೆ ಇದು ಕೇವಲ ಗೃಹಕೃತ್ಯದ ಪ್ರಶ್ನೆ. ಶುಲ್ಕ, ದೂರ, ವಾಹನ ಇವುಗಳ ಲೆಕ್ಕದಲ್ಲಿ ತೀರಿಹೋಗುವಂಥದು. ಆದರೆ ಸ್ವಲ್ಪ ಆಲೋಚಿಸಿದರೆ ಇದರೊಳಗೆ ಧರ್ಮದ ಪ್ರಶ್ನೆಯೊಂದು ಅಡಗಿರುವುದು ಕಾಣುವುದು. ಹಣವುಳ್ಳವನು ತನ್ನ ಮಗುವಿಗೆ ಬೇರೊಂದು ಶಾಲೆಯನ್ನು ಕೊಂಡುಕೊಳ್ಳಬಲ್ಲವನಾಗಿರುವಾಗ, ಊರಿಗೆಲ್ಲ ಸೇರಿದ ಶಾಲೆಯ ವಿಷಯದಲ್ಲಿ ಅವನಿಗೆ ಕರ್ತವ್ಯವೇನಾದರೂ ಉಳಿದಿರುವುದೆ?

ಊರಿಗೆಲ್ಲ ಸೇರಿದ ಶಾಲೆಯು ನಮಗೆ ಸುಲಭವಾಗಿ ದೊರೆತುದಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವಾಗಿಸುವ ಮಸೂದೆಯನ್ನು ಅಂದಿನ ಸಾಮ್ರಾಜ್ಯದ ಶಾಸನಸಭೆಯ ಮುಂದಿಟ್ಟರು. ಮರುವರ್ಷ ಸಭೆಯು ಅದನ್ನು ತಳ್ಳಿಹಾಕಿತು. ಆದರೆ ಮೈಸೂರು ಸಂಸ್ಥಾನದಲ್ಲಿ 1913ರಲ್ಲಿಯೇ ಅಂಥದೊಂದು ಕಾನೂನು ಹೊರಟಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು, 14 ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣವನ್ನು 10 ವರ್ಷಗಳೊಳಗೆ ಒದಗಿಸಲು ರಾಜ್ಯವು ಯತ್ನಿಸಬೇಕೆಂದು ಹೇಳಿತು. ಅದು ಮಕ್ಕಳ ಹಕ್ಕೆಂದು ಶಾಸನರೂಪವನ್ನು ತಳೆದು ಜಾರಿಗೆ ಬರಬೇಕಾದರೆ 2010ನೆಯ ಇಸವಿಯ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣದಿಂದ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಕೂಡದೆಂದು ಈ ಶಾಸನವು ವಿಧಿಸಿದೆ. ಇಷ್ಟು ಜನರ ಇಷ್ಟು ಕಾಲದ ಹಂಬಲದಿಂದ ತೆರೆದ ಬಾಗಿಲು ಅದು. ಆ ಬಾಗಿಲ ಮುಂದೆ ನಾವು, ಓದುಬಲ್ಲವರು, ಬೇರೆ ದಾರಿ ಹಿಡಿದು ಹೋಗುತ್ತಿರುವೆವು.

ಈ ದೋಷವನ್ನು ಪರರ ಮೇಲೆ ಹೊರಿಸುವ ಅಧಿಕಾರ ನನಗಿಲ್ಲ. ನನ್ನ ಹಿರಿಯ ಮಗನನ್ನು ನಾನು ಶುಲ್ಕದ ಶಾಲೆಗೆ ಸೇರಿಸಿದೆನು. ಸರಕಾರಿ ಶಾಲೆಯಲ್ಲಿ ಕೊರತೆಯನ್ನು ಕಂಡು ಹಾಗೆ ಮಾಡಿದೆನೆ? ಇಲ್ಲ, ಅದರ ಹೊಸ್ತಿಲನ್ನೇ ನಾನು ತುಳಿದಿರಲಿಲ್ಲ. ನೆರೆಯವರು ಏನೆಂದಾರು ಎಂಬ ಒಂದು ಅಳುಕಿನಿಂದಲೇ ತೀರ್ಮಾನವಾಗಿಹೋಯಿತು. ಮಗಳ ಸರದಿ ಬಂದಾಗ ನನ್ನ ಹೆಂಡತಿಯು, “ನೋಡದೆ ಬೇಡವೆನ್ನುವುದು ನ್ಯಾಯವೆ?” ಎಂದು ಕೇಳಿದಳು. ಇಬ್ಬರೂ ಹೋಗಿ ಅರ್ಧದಿನ ಕುಳಿತು ನೋಡಿದೆವು, ಸೇರಿಸಿ ಬಂದೆವು.

ಇಲ್ಲಿ ಒಂದು ಆಕ್ಷೇಪವು ಬರುವುದು, ಅದು ಹಗುರವಾದುದಲ್ಲ. ತಂದೆಯ ಆದರ್ಶಕ್ಕೆ ಮಗುವು ಬಲಿಯಾಗಬೇಕೆ? ಖಂಡಿತವಾಗಿಯೂ ಆಗಕೂಡದು. ಉಪಾಧ್ಯಾಯರೇ ಇಲ್ಲದ ಕಡೆ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ ಕಡೆ, ಮಗುವನ್ನು ಕೂರಿಸಿ ತನ್ನ ತತ್ತ್ವನಿಷ್ಠೆಯನ್ನು ಮೆಚ್ಚಿಕೊಳ್ಳುವುದು ಧರ್ಮವಲ್ಲ, ಅಹಂಕಾರ. ಆದರೆ ನೋಡದೆಯೇ ದೂರವಾಗುವುದು ವಿವೇಕವೂ ಅಲ್ಲ. ಓದುಬಲ್ಲ ಮನೆಯ ಮಗುವು ಎಲ್ಲಿ ಕಲಿತರೂ ಅದಕ್ಕೆ ಮನೆಯ ಮಾತು, ಮನೆಯ ಪುಸ್ತಕ, ತಪ್ಪನ್ನು ತಿದ್ದುವ ತಾಯ್ತಂದೆಗಳು ಇರುವರು. ಆದುದರಿಂದ ಊರ ಶಾಲೆಗೆ ಬಂದುದರಿಂದ ಅದಕ್ಕೆ ಆಗುವ ನಷ್ಟವು ಅತ್ಯಲ್ಪ. ಅದು ಬಂದುದರಿಂದ ಉಳಿದವರಿಗೆ ಆಗುವ ಲಾಭವು ಹೆಚ್ಚು.

ಹೇಗೆಂದರೆ, ನಮ್ಮ ಕೆರೆಗಳ ಕಥೆಯನ್ನೇ ನೋಡಬಹುದು. ಊರವರೆಲ್ಲ ಕೆರೆಯ ನೀರನ್ನೇ ನಂಬಿದ್ದಷ್ಟು ಕಾಲ ಹೂಳೆತ್ತುವ ಚಿಂತೆ ಎಲ್ಲರದಾಗಿತ್ತು. ಉಳ್ಳವರು ತಮ್ಮ ತಮ್ಮ ಹಿತ್ತಲಲ್ಲಿ ಬಾವಿ ತೋಡಿಸಿಕೊಂಡ ಮೇಲೆ ಕೆರೆಯು ಕೇಳುವವರಿಲ್ಲದವರ ಪಾಲಾಯಿತು. ಶಾಲೆಗೂ ಇದೇ ಗತಿ. ಶಾಲೆಯ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಭಾಗ ಅಲ್ಲಿನ ಮಕ್ಕಳ ತಾಯ್ತಂದೆಗಳೂ ಪೋಷಕರೂ, ಒಟ್ಟಿನಲ್ಲಿ ಅರ್ಧ ಭಾಗ ಹೆಂಗಸರೂ ಇರಬೇಕೆಂದು ಶಾಸನವು ಹೇಳುತ್ತದೆ. ಶಾಲೆಗೆ ಬಂದ ಹಣದ ವಿನಿಯೋಗವನ್ನು ನೋಡುವ, ಮುಂದಿನ ಯೋಜನೆಯನ್ನು ಸಿದ್ಧಪಡಿಸುವ ಅಧಿಕಾರ ಆ ಸಮಿತಿಯದು. ಲೆಕ್ಕದ ಪುಸ್ತಕವನ್ನು ಓದಬಲ್ಲವರು, ಮೇಲಧಿಕಾರಿಗಳಿಗೆ ಅರ್ಜಿ ಬರೆಯಬಲ್ಲವರು ತಮ್ಮ ಮಕ್ಕಳೊಡನೆ ಹೊರಟುಹೋದರೆ, ಕೂಲಿ ಬಿಟ್ಟು ಸಭೆಗೆ ಬರಬೇಕಾದ ತಾಯಿಯೊಬ್ಬಳ ಮೇಲೆಯೇ ಆ ಭಾರವೆಲ್ಲ ಬೀಳುವುದು. ಇದನ್ನು ಮನಗಂಡೇ ಇರಬೇಕು, ಉತ್ತರಪ್ರದೇಶದಲ್ಲಿ ಸರಕಾರದ ಬೊಕ್ಕಸದಿಂದ ಸಂಬಳ ಪಡೆಯುವವರ ಮಕ್ಕಳು ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿಯೇ ಓದುವಂತೆ ಏರ್ಪಡಿಸಬೇಕೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು 2015ರಲ್ಲಿ ಆಜ್ಞೆಮಾಡಿತು. ಆದರೆ ಆಜ್ಞೆಗೆ ಅಂಜಿ ಬಂದವನು ಹೂಳೆತ್ತುವನೆಂಬ ನೆಚ್ಚಿಕೆಯಿಲ್ಲ. ತನ್ನದೆಂದು ಬಂದವನು ಎತ್ತುವನು.

ಇನ್ನು ಮನೆಯ ಕರ್ತವ್ಯ. ಶಾಲೆಗೆ ಸೇರಿಸಿದ ಮಾತ್ರಕ್ಕೆ ನಮ್ಮ ಹೊಣೆ ತೀರಲಿಲ್ಲ. ಹಾಗೆಂದು ಮನೆಯನ್ನು ಎರಡನೆಯ ಶಾಲೆಯನ್ನಾಗಿ ಮಾಡುವುದೂ ತಕ್ಕುದಲ್ಲ. ನಮ್ಮ ಸರಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ‘ನಲಿಕಲಿ’ ಎಂಬ ಪದ್ಧತಿಯು ಬಳಕೆಗೆ ಬಂದಿದೆ. ಇದು 1995ರಲ್ಲಿ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಹುಟ್ಟಿದುದು. ಅಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗೂಡಿ, ಕಾರ್ಡುಗಳನ್ನು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ, ತಮ್ಮ ತಮ್ಮ ವೇಗದಲ್ಲಿ ಮೇಲಕ್ಕೆ ಹತ್ತುವರು. ಅದನ್ನರಿಯದ ನಾನು ಮೊದಲ ತಿಂಗಳು ಪ್ರತಿಸಂಜೆಯೂ ಮಗಳನ್ನು ಕೂರಿಸಿಕೊಂಡು ಉಕ್ತಲೇಖನವನ್ನು ಬರೆಯಿಸಿದೆನು. ಅವಳು ಶಾಲೆಯಿಂದ ನಗುತ್ತ ಬಂದು ನನ್ನ ಮುಂದೆ ಅಳುವಳು. ಉಪಾಧ್ಯಾಯಿನಿಯರನ್ನು ಕಂಡು ವಿಚಾರಿಸಿದ ಮೇಲೆ ನನ್ನ ಅವಸರವು ನನಗೆ ತಿಳಿಯಿತು. ಮನೆಯಲ್ಲಿ ಮಾಡತಕ್ಕದ್ದು ಬಹಳವಿಲ್ಲ: ದಿನವೂ ಒಂದು ನಿಯತವಾದ ಹೊತ್ತು, ಗಟ್ಟಿಯಾಗಿ ಓದಿಹೇಳುವ ಒಂದು ಕಥೆ, ಮಗುವಿನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ. ಮನೆಯ ಪಾಠವನ್ನು ನಾವೇ ಬರೆದುಕೊಟ್ಟರೆ, ಮಗುವಿಗೆ ತಿಳಿಯದುದು ಯಾವುದೆಂಬುದು ಗುರುವಿಗೆ ತಿಳಿಯದೆ ಹೋಗುವುದು.

ಇಷ್ಟೇ ಆದರೂ ಒಂದು ಅಪಾಯವು ಉಳಿಯುವುದು. ಶಾಲೆಯ ಕೊರತೆಯನ್ನೆಲ್ಲ ನಾವು ಮನೆಯೊಳಗೆ ನಮ್ಮ ಮಗುವಿಗೆ ಮಾತ್ರ ತುಂಬಿಕೊಟ್ಟರೆ ಅದೂ ಹಿತ್ತಲ ಬಾವಿಯೇ ಸರಿ. ಮಗಳ ಜೊತೆಯಲ್ಲಿ ಹೂ ಮಾರುವವಳ ಮಗಳೊಬ್ಬಳು ಓದುವಳು. ಅವರ ಮನೆಯಲ್ಲಿ ಅಕ್ಷರ ಕಲಿತವರಲ್ಲಿ ಅವಳೇ ಮೊದಲಿಗಳು. ಸಂಜೆ ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳುವಳು. ನಾವು ಉಪಕಾರ ಮಾಡುತ್ತಿರುವೆವೆಂಬ ಹೆಮ್ಮೆ ನನ್ನಲ್ಲಿ ಸ್ವಲ್ಪ ಇದ್ದಿತೆಂದು ಒಪ್ಪಿಕೊಳ್ಳಬೇಕು. ಒಂದು ದಿನ ನನ್ನ ಮಗಳು ಮಗ್ಗಿಯಲ್ಲಿ ತಡವರಿಸುತ್ತಿರಲು, ಆ ಹುಡುಗಿಯು, “ಮೊಳಕ್ಕೆ ಇಪ್ಪತ್ತಾದರೆ ಮೂರೂವರೆ ಮೊಳಕ್ಕೆಷ್ಟು, ಹೇಳು” ಎಂದು ಮೊಳಕೈಯನ್ನು ಚಾಚಿ ಅಳೆದು ತೋರಿಸಿದಳು. ಪುಸ್ತಕದಲ್ಲಿ ಹತ್ತದಿದ್ದ ಲೆಕ್ಕವು ಆ ಕೈಯಳತೆಯಲ್ಲಿ ಹತ್ತಿತು. ನನ್ನ ಹಿರಿಯ ಮಗನು ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದನು. ಆ ಹುಡುಗಿಯ ತಾಯಿಯಿಂದ ನಾವು ಎಷ್ಟೋ ವರ್ಷಗಳಿಂದ ಹೂ ಕೊಳ್ಳುತ್ತಿದ್ದರೂ, ಅವರ ಮನೆಯ ಮಕ್ಕಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ನಾನು ಹಣ ಕೊಟ್ಟು ಏನನ್ನು ಕೊಂಡೆನು, ಏನನ್ನು ಕಳೆದೆನು ಎಂಬುದು ಆ ಸಂಜೆ ನನಗೆ ತಿಳಿಯಿತು.

ಶಾಲೆ ತೆರೆಯುವ ದಿನವು ಮುಂದಿನ ವರ್ಷವೂ ಬರುವುದು. ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ತೀರ್ಮಾನವು ಏನೇ ಆಗಲಿ, ಅದಕ್ಕೆ ಮೊದಲು ಊರ ಶಾಲೆಯ ಒಳಗೆ ಅರ್ಧದಿನ ಕುಳಿತು ಬನ್ನಿರಿ. ಬೇಡವೆನ್ನುವ ಹಕ್ಕಾದರೂ ನೋಡಿದವನಿಗೆ ಸೇರಿದುದು.